ಕೆಜಿಎಫ್ ಅಂದ್ರೆ ಆ ಸಿನಿಮಾದ್ದಾ?

(ಬಂಗಾರಪೇಟೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಬಂಗಾರಪೇಟೆ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತರೆ ಸಾಕು, ಒಂದು ಊರಿಗೆ ಊರೇ ಇನ್ನೊಂದು ಊರಿಗೆ ದುಡಿಯಲು ಹೋಗುವುದು ಹೇಗೆಂದು ಕಣ್ಣಾರೆ ನೋಡಬಹುದು. ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ಕಡೆಯಿಂದ ಬರುವ ರೈಲು ಬಂಗಾರಪೇಟೆ ಮುಟ್ಟುವ ಹೊತ್ತಿಗೇ ತುಂಬಿರುತ್ತದೆ. ಇಲ್ಲಿ ಹತ್ತುವವರಿಗೆ ಕೂರಲು ಜಾಗ ಸಿಕ್ಕರೆ ಅದೃಷ್ಟ. 1894ರಲ್ಲಿ ಈ ಕವಲು ದಾರಿ ಹಾಕಿದ್ದು ಗಣಿಗಳಿಗೆ ಯಂತ್ರ, ಸಾಮಾನು ಸಾಗಿಸಲು, ಜನರನ್ನು ಗಣಿಗೆ ತರಲು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಅದೇ ದಾರಿ ಜನರನ್ನು ಹೊರಗೆ ಸಾಗಿಸುತ್ತಿದೆ. ಕೆಲವರು ಸಂಜೆಗೆ ಹಿಂದಿರುಗುತ್ತಾರೆ. ಕೆಲವರು ವರ್ಷಕ್ಕೊಮ್ಮೆ, ದುಬೈನಿಂದಲೋ ದೋಹಾದಿಂದಲೋ ಬರುತ್ತಾರೆ. ಇನ್ನು ಕೆಲವರ ಅಜ್ಜ ಅಜ್ಜಿ ಅರುವತ್ತು ವರ್ಷದ ಹಿಂದೆ ಹಡಗು ಹತ್ತಿದವರು. ಅವರ ಮೊಮ್ಮಕ್ಕಳು ಮೆಲ್ಬರ್ನಿನಲ್ಲೋ ಲಂಡನ್ನಿನಲ್ಲೋ ಇದ್ದಾರೆ, ಬರುವುದೇ ಇಲ್ಲ.

ಇವರೆಲ್ಲರೂ ಎದುರಿಸುವ ಒಂದು ಪ್ರಶ್ನೆಯಿದೆ: 'ನಿಮ್ಮದು ಯಾವ ಊರು?'

ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ಉತ್ತರ ಹೇಳಿದ ಮೇಲೆ ಕೇಳಿದವರು ಹೇಳುವ ಮಾತನ್ನು ಕೇಳಿಸಿಕೊಳ್ಳುವುದೇ ಕಷ್ಟ. ಮೊದಲೆಲ್ಲ ಕೆಜಿಎಫ್ ಎಂದರೆ ಹೊರಗಿನವರು ಹುಬ್ಬು ಗಂಟಿಕ್ಕುತ್ತಿದ್ದರು. 'ಕೋಲಾರದ ಹತ್ತಿರ, ಚಿನ್ನದ ಗಣಿ ಇತ್ತಲ್ಲ' ಎಂದು ವಿವರಿಸಬೇಕಿತ್ತು. 2018ರ ಡಿಸೆಂಬರ್ 21ರ ನಂತರ ಆ ತೊಂದರೆ ಹೋಯಿತು, ಬೇರೆಯದೊಂದು ಬಂತು. ಯಶ್ ನಟಿಸಿದ, ಪ್ರಶಾಂತ್ ನೀಲ್ ನಿರ್ದೇಶಿಸಿದ ಸಿನಿಮಾ ಐದು ಭಾಷೆಗಳಲ್ಲಿ ತೆರೆಕಂಡಿತು. 2022ರ ಏಪ್ರಿಲ್‌ನಲ್ಲಿ ಎರಡನೆಯ ಭಾಗವೂ ಬಂತು. ಈಗ ಲಖನೌದ ಸಹೋದ್ಯೋಗಿಗೂ ಗೊತ್ತು, ದುಬೈನ ಟ್ಯಾಕ್ಸಿ ಚಾಲಕನಿಗೂ ಗೊತ್ತು: 'ಕೆಜಿಎಫ್ ಅಂದ್ರೆ ಆ ಸಿನಿಮಾದ್ದಾ?' ಹಿಂದೆಯೇ ಇನ್ನೆರಡು ಪ್ರಶ್ನೆ. ಈಗಲೂ ಅಲ್ಲಿ ಚಿನ್ನ ಸಿಗುತ್ತದೆಯೇ? ಕೆಲಸಗಾರರನ್ನು ಗುಲಾಮರ ಹಾಗೆ ಬಂಧಿಸಿ ಇಟ್ಟಿದ್ದು ನಿಜವೇ?

ಊರಿನ ಹೆಸರೇ ತಿಳಿಯದ ಅಪರಿಚಿತನ ಜೊತೆ ಮಾತು ಮೊದಲಿನಿಂದ ಶುರು ಮಾಡಬಹುದು. ಅರ್ಧಂಬರ್ಧ ತಿಳಿದವನ ಜೊತೆ ಅದಾಗುವುದಿಲ್ಲ. ಅವನ ತಲೆಯಲ್ಲಿರುವ ಊರನ್ನು ಮೊದಲು ಖಾಲಿ ಮಾಡಿಸಬೇಕು, ಅದಕ್ಕೆ ಅವನು ಒಪ್ಪಬೇಕಲ್ಲ.

ಹೊರಗಿರುವ ನಮ್ಮೂರಿನವರು ಇದಕ್ಕೆ ಬಗೆಬಗೆಯಾಗಿ ಉತ್ತರ ಕೊಡುತ್ತಾರೆ. ಹದಿಹರೆಯದವರಿಗೆ ಹಾಸ್ಟೆಲಿನಲ್ಲಿ ಈ ಹೆಸರು ಒಂದು ಬಿರುದು. 'ಹೌದು, ಅದೇ ಕೆಜಿಎಫ್' ಎಂದು ಎದೆಯುಬ್ಬಿಸಿದರೆ ಒಂದು ವಾರ ಮರ್ಯಾದೆ ಹೆಚ್ಚು. ನಡುವಯಸ್ಸಿನವರು ಪಾಠ ಹೇಳಲು ಹೊರಡುತ್ತಾರೆ. ಎರಡನೆಯ ವಾಕ್ಯಕ್ಕೆ ಕೇಳುಗನ ಕಣ್ಣು ಬೇರೆಡೆಗೆ ಹೋಗಿರುತ್ತದೆ. ಹೆಚ್ಚಿನವರು ಸುಮ್ಮನೆ ನಕ್ಕು ಮಾತು ಬದಲಿಸುತ್ತಾರೆ. ಈ ನಗುವನ್ನು ಹೇಡಿತನ ಎನ್ನಲಾಗದು. ದಿನಕ್ಕೆ ಮೂರು ಸಲ ತನ್ನ ಊರಿನ ವಕೀಲಿಕೆ ಮಾಡುತ್ತ ಯಾರು ತಾನೆ ಬದುಕಿಯಾರು?

ಸಿನಿಮಾ ಕಲ್ಪನೆಯ ಕತೆ, ಅದನ್ನು ಇತಿಹಾಸದ ತಕ್ಕಡಿಯಲ್ಲಿ ತೂಗುವುದು ತಪ್ಪು ಎಂಬ ವಾದವೂ ಇದೆ. ಸರಿಯೇ. ಸಿನಿಮಾದಲ್ಲಿ 1951ರಲ್ಲಿ, ನಾಯಕ ಹುಟ್ಟಿದ ದಿನವೇ, ಗಣಿ ಪತ್ತೆಯಾಗುತ್ತದೆ. ನಿಜವಾದ ಗಣಿಗಳಿಗೆ ಆ ಹೊತ್ತಿಗೆ ಎಪ್ಪತ್ತು ವರ್ಷ ವಯಸ್ಸಾಗಿತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಇಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 148 ಕಿಲೋಮೀಟರು ದೂರ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸರ್ಕಾರಿ ಕಂಪನಿ. ಅಂದರೆ ತೆರೆಯ ಮೇಲೆ ಖಳನಾಯಕರು ಗಣಿಗಾಗಿ ಬಡಿದಾಡುತ್ತಿದ್ದ ಕಾಲದಲ್ಲಿ ನಿಜವಾದ ಕೆಜಿಎಫ್‌ನಲ್ಲಿ ಕಾರ್ಮಿಕರಿಗೆ ಸಂಘವಿತ್ತು, ಸಂಬಳದ ಚೀಟಿ ಇತ್ತು, ಬೋನಸ್ಸಿನ ಜಗಳವಿತ್ತು.

ಚಿನ್ನ ಸಿಗುತ್ತದೆಯೇ ಎಂದು ಕೇಳುವವರಿಗೆ ಒಂದು ಲೆಕ್ಕ ಸಾಕು. ಗಣಿ ಮುಚ್ಚುವ ಕಾಲಕ್ಕೆ ಒಂದು ಟನ್ ಅದಿರು ಅರೆದರೆ ಸಿಗುತ್ತಿದ್ದ ಚಿನ್ನ ಮೂರು ಗ್ರಾಂ ಆಸುಪಾಸು. ಒಂದು ಉಂಗುರಕ್ಕೆ ಒಂದು ಗಾಡಿ ಕಲ್ಲು. ಆ ಕಲ್ಲನ್ನು ತರಬೇಕಾದದ್ದು ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದಿಂದ, ಮುಟ್ಟಿದರೆ ಕೈ ಸುಡುವಷ್ಟು, 60 ಡಿಗ್ರಿ ದಾಟಿ ಕಾದ ಬಂಡೆಯಿಂದ. ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು ಎನ್ನುವ ಮಾತಿಗೆ ಅಪರಿಚಿತರು ಬಾಯಿ ತೆರೆಯುತ್ತಾರೆ. ಅದಕ್ಕಾಗಿ ಒಂದು ನೂರಿಪ್ಪತ್ತು ವರ್ಷ ಹಿಡಿಯಿತು ಎನ್ನುವುದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹಾಗೆ ನೋಡಿದರೆ ಈ ಊರು ಹುಟ್ಟಿದ್ದೇ ಹೊರಗಿನವರ ಅಭಿಪ್ರಾಯದಿಂದ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಮಣ್ಣಿನಲ್ಲಿ ಚಿನ್ನವಿದೆ ಎಂಬ ಸುದ್ದಿ ಕೇಳಿದ. ತೋರಿಸಿದವರಿಗೆ ಬಹುಮಾನ ಎಂದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಅವನು ಬರೆದ ವರದಿಯನ್ನು ಎಷ್ಟೋ ವರ್ಷಗಳ ನಂತರ ಓದಿದವನು ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟವನು ಇವನೇ. ಐರ್ಲೆಂಡಿನವನು, ಬ್ರಿಟಿಷ್ ಸೇನೆಯ ಪರವಾಗಿ ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧ ಹೋರಾಡಿ ಬಂದವನು. 1873ರಲ್ಲಿ ಗಣಿಗೆ ಅರ್ಜಿ ಹಾಕಿದ, 1875ರಲ್ಲಿ ಪರವಾನಗಿ ಸಿಕ್ಕಿತು. 'ನಿನ್ನದು ಯಾವ ದೇಶ' ಎಂದು ಈ ಮನುಷ್ಯನನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಉತ್ತರಿಸುವುದು ಅವನಿಗೂ ಕಷ್ಟವಾಗುತ್ತಿತ್ತೇನೋ.

ಲ್ಯಾವೆಲ್ ಮೊದಲಿಗ. ಅವನ ಹಿಂದೆ ಬಂದವರು ಒಂದಿಬ್ಬರಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ ಮತ್ತು ತವರದ ಗಣಿಗಳು ಬಿದ್ದುಹೋದ ಮೇಲೆ ಅಲ್ಲಿನ ಗಣಿಗಾರರು ಜಗತ್ತಿನ ಎಲ್ಲ ಮೂಲೆಗೂ ಚದುರಿದರು. ಒಂದು ತಂಡ ಇಲ್ಲಿಗೂ ಬಂತು. ಇಟಲಿಯಿಂದಲೂ ಗಣಿಗಾರರು ಬಂದರು. ಉತ್ತರ ಆರ್ಕಾಟ್, ಸೇಲಂ, ಧರ್ಮಪುರಿ ಕಡೆಗಳಿಂದ ತಮಿಳು ದಲಿತ ಕುಟುಂಬಗಳು ಬಂದವು. ಚಿತ್ತೂರು ಕಡೆಯಿಂದ ತೆಲುಗರು ಬಂದರು. ಕಾವಲಿಗೆ ಪಂಜಾಬಿನವರನ್ನು ಕರೆಸಿದರು. ಎಲ್ಲರೂ ಪರ ಊರಿನವರು, ಎಲ್ಲರಿಗೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಅಭಿಪ್ರಾಯಗಳಿದ್ದವು. ಈ ನೆಲದ ಹಳ್ಳಿಗಳ ಕನ್ನಡ ಮತ್ತು ತೆಲುಗು ಮಾತನಾಡುವ ರೈತರಿಗೆ ಇವರೆಲ್ಲರ ಬಗ್ಗೆ ಏನನ್ನಿಸಿತೋ, ಅದನ್ನು ಯಾರೂ ಬರೆದಿಡಲಿಲ್ಲ.

ಕಂಪನಿಯ ಅಭಿಪ್ರಾಯ ಮಾತ್ರ ಕಾನೂನಿನಲ್ಲೇ ದಾಖಲಾಗಿದೆ. ಗಣಿಗೆ ಇಳಿಯುವವನು ಕಳ್ಳ ಇರಬಹುದು ಎಂಬುದೇ ಆ ಅಭಿಪ್ರಾಯ. ಅದಿರು ಕೈಯಲ್ಲಿ ಸಿಕ್ಕರೆ ಅದನ್ನೇ ಅಪರಾಧ ಮಾಡುವ ಗಣಿ ಕಾಯ್ದೆ 1897ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬಂತು. ಪಾಳಿ ಮುಗಿಸಿ ಮೇಲೆ ಬಂದವರನ್ನು ತಡವಿ ಬಿಡುತ್ತಿದ್ದರು. ಕತ್ತಲಲ್ಲಿ ಎಂಟು ಗಂಟೆ ಬೆವರಿದವನಿಗೆ ಬೆಳಕಿಗೆ ಬಂದೊಡನೆ ಕಾದಿರುತ್ತಿದ್ದುದು ಆ ತಡವುವ ಕೈ.

1930ರಲ್ಲಿ ಕಂಪನಿಗಳು ಎಲ್ಲ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟವು. ಹೆಬ್ಬೆಟ್ಟು ಒತ್ತುವುದೆಂದರೆ ಪೊಲೀಸ್ ಠಾಣೆಯಲ್ಲಿ ಹೆಸರು ಬರೆಸಿದ ಹಾಗೆ ಎಂದು ಕಾರ್ಮಿಕರಿಗೆ ಅನ್ನಿಸಿತು. ಸಾವಿರಾರು ಜನ ಗಣಿಗೆ ಇಳಿಯಲಿಲ್ಲ. ಕೆಜಿಎಫ್‌ನ ಇತಿಹಾಸದಲ್ಲಿ ಇದು ದೊಡ್ಡ ಮುಷ್ಕರ. ಮುಷ್ಕರದ ಕಿಡಿ ಕೂಲಿಯ ಕಾಸಿನಿಂದ ಹೊತ್ತಿಕೊಳ್ಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. 'ನಿಮ್ಮ ಬಗ್ಗೆ ನಮಗೆ ಹೀಗನ್ನಿಸುತ್ತದೆ' ಎಂದು ಮೇಲಿನವರು ಕಾಗದದಲ್ಲಿ ಬರೆಯಲು ಹೊರಟಾಗ ಹೊತ್ತಿಕೊಂಡದ್ದು ಅದು. ಅಪರಿಚಿತರ ಅಭಿಪ್ರಾಯವನ್ನು ನಕ್ಕು ಬಿಡಬೇಕೋ ತಡೆದು ನಿಲ್ಲಿಸಬೇಕೋ ಎಂದು ಕೇಳುವವರು ಈ ಮುಷ್ಕರವನ್ನು ನೆನೆಯುವುದು ಒಳ್ಳೆಯದು. ಟ್ಯಾಕ್ಸಿ ಚಾಲಕನ ಅಭಿಪ್ರಾಯಕ್ಕೆ ನಗಬಹುದು. ನಿಮ್ಮ ಕೆಲಸ, ನಿಮ್ಮ ಮನೆ, ನಿಮ್ಮ ವೀಸಾ ಯಾರ ಕೈಯಲ್ಲಿದೆಯೋ ಅವನ ಅಭಿಪ್ರಾಯ ಅಭಿಪ್ರಾಯವಾಗಿ ಉಳಿಯುವುದಿಲ್ಲ.

ವೀಸಾ ಎಂದೊಡನೆ ನೆನಪಾಗುವುದು ಇಲ್ಲಿನ ಆಂಗ್ಲೋ ಇಂಡಿಯನ್ ಸಮುದಾಯ.

ಕೆಜಿಎಫ್‌ಗೆ 'ಲಿಟಲ್ ಇಂಗ್ಲೆಂಡ್' ಎಂಬ ಅಡ್ಡಹೆಸರು ಬಂದಿತ್ತು. ಹಿತವಾದ ಹವೆ, ಹೆಂಚಿನ ಬಂಗಲೆಗಳು, ಕ್ಲಬ್ಬು, ಚರ್ಚು, ಕ್ರಿಸ್‌ಮಸ್ ಕುಣಿತ. ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನ ರಾಬರ್ಟ್‌ಸನ್‌ಪೇಟೆ. ನಮ್ಮ ಬಂಗಾರಪೇಟೆಗೂ ಚೀಫ್ ಕಮಿಷನರ್ ಲೆವಿನ್ ಬೌರಿಂಗ್‌ನ ಹೆಸರಿನಲ್ಲಿ ಬೌರಿಂಗ್‌ಪೇಟೆ ಎಂದು ಕರೆಯಲಾಗುತ್ತಿತ್ತು ಎಂಬುದು ಹಿರಿಯರಿಗೆ ಗೊತ್ತು. ಗಣಿಯ ಕಚೇರಿ, ವರ್ಕ್‌ಶಾಪು, ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದ ಆಂಗ್ಲೋ ಇಂಡಿಯನ್ ಕುಟುಂಬಗಳು ಎಂದೂ ಕಾಣದ ಇಂಗ್ಲೆಂಡನ್ನು 'ಹೋಮ್' ಎನ್ನುತ್ತಿದ್ದವು. 1947ರ ನಂತರ ಅನೇಕರು ನಿಜವಾಗಿಯೂ ಆ ಹೋಮ್‌ಗೆ ಹೋದರು.

ಅಲ್ಲಿ ಇಳಿದವರಿಗೆ ಎದುರಾದ ಮೊದಲ ಮಾತು ಏನಿರಬಹುದು? ಇಂಗ್ಲೆಂಡಿಗೆ ಹೋದ ಆಂಗ್ಲೋ ಇಂಡಿಯನ್ನರ ನೆನಪುಗಳಲ್ಲಿ ಮತ್ತೆ ಮತ್ತೆ ಬರುವುದು ಒಂದೇ ಪ್ರಶ್ನೆ: 'ಇಷ್ಟು ಚೆನ್ನಾಗಿ ಇಂಗ್ಲಿಷ್ ಎಲ್ಲಿ ಕಲಿತಿರಿ?' ತಾಯಿಯ ಮಡಿಲಲ್ಲಿ ಕಲಿತ ಭಾಷೆಯ ಬಗ್ಗೆ ಬಂದ ಮೆಚ್ಚುಗೆ ಅದು. ಬೈಗುಳವಾಗಿದ್ದರೆ ತಿರುಗಿ ಬೈಯಬಹುದಿತ್ತು. ಮೆಚ್ಚುಗೆಗೆ ಏನು ಮಾಡುವುದು? ಇನ್ನು ಆಸ್ಟ್ರೇಲಿಯಾದಲ್ಲಿ ಅಭಿಪ್ರಾಯ ನಿಯಮವೇ ಆಗಿತ್ತು. ಬಿಳಿಯರಿಗೆ ಮಾತ್ರ ಎನ್ನುವ ವಲಸೆ ನೀತಿಯ ಕಾಲದಲ್ಲಿ ಮಿಶ್ರ ಮೂಲದವರು ಬರಬೇಕಾದರೆ ಮುಕ್ಕಾಲು ಪಾಲು ಯುರೋಪಿನ ರಕ್ತ ಇದೆಯೆಂದು ತೋರಿಸಬೇಕಿತ್ತು. ಮುಖ ನೋಡಿಯೂ ತೀರ್ಮಾನಿಸುತ್ತಿದ್ದರು. ಒಂದೇ ಮನೆಯಲ್ಲಿ ಬಣ್ಣ ಬೇರೆಬೇರೆ ಇರುವ ಅಣ್ಣ ತಮ್ಮಂದಿರನ್ನು ನೆನೆದುಕೊಂಡರೆ ಈ ನಿಯಮದ ಕ್ರೌರ್ಯ ಅರ್ಥವಾಗುತ್ತದೆ. 1973ರ ಹೊತ್ತಿಗೆ ಆ ನೀತಿ ಪೂರ್ತಿ ಹೋಯಿತು.

ವಿಪರ್ಯಾಸವೆಂದರೆ ಕೆಜಿಎಫ್‌ನಲ್ಲಿದ್ದಾಗ ಇಂಗ್ಲೆಂಡಿನ ಪರವಾಗಿ ಮಾತನಾಡಿದವರು ಇಂಗ್ಲೆಂಡಿನಲ್ಲಿ ಭಾರತದ ಪರವಾಗಿ ಮಾತನಾಡಬೇಕಾಯಿತು. 'ಅಲ್ಲಿ ಹಾವಾಡಿಗರು ತುಂಬ ಇದ್ದಾರಂತೆ', 'ನೀವು ಗುಡಿಸಲಲ್ಲಿ ಇದ್ದಿರಾ' ಎಂಬ ಬಗೆಯ ಮಾತುಗಳಿಗೆ ಅವರು ಕೊಡುತ್ತಿದ್ದ ಉತ್ತರವೇ ಲಿಟಲ್ ಇಂಗ್ಲೆಂಡ್. ಬಂಗಲೆ, ಪಿಯಾನೊ, ಬಟ್ಲರ್, ಕ್ರಿಸ್‌ಮಸ್ ಕೇಕು. ಸುಳ್ಳೇನಲ್ಲ. ಆದರೆ ಪೂರ್ತಿ ಊರೂ ಅಲ್ಲ. ಬಂಗಲೆಯಿಂದ ಸ್ವಲ್ಪ ದೂರದಲ್ಲೇ ಲೈನ್ ಮನೆಗಳಿದ್ದವು; ಒಂದೇ ಕೋಣೆ, ಬಿದಿರ ತಟ್ಟಿಯ ಗೋಡೆ, ಸಾಲಾಗಿ ನೂರಾರು. ಆ ಮನೆಯಲ್ಲಿ ಹುಟ್ಟಿ ಇವತ್ತು ದೋಹಾದಲ್ಲಿರುವವನಿಗೆ ಲಿಟಲ್ ಇಂಗ್ಲೆಂಡ್ ಎಂಬ ಹೊಗಳಿಕೆ, ಸಿನಿಮಾದ ನರಕ ಎಂಬ ತೆಗಳಿಕೆಯಷ್ಟೇ ಅಪರಿಚಿತ.

ಸಮಸ್ಯೆಯ ತಿರುಳು ಬಹುಶಃ ಇಲ್ಲಿಯೇ ಇದೆ. ಹೊರಗಿನವನ ಅಭಿಪ್ರಾಯಕ್ಕೆ ಉತ್ತರ ಕೊಡುವಾಗ ಮನುಷ್ಯ ತಾನು ಬೆಳೆದ ಬೀದಿಯನ್ನೇ ಊರು ಎಂದು ತೋರಿಸುತ್ತಾನೆ. ಮೆಲ್ಬರ್ನಿನ ಅಜ್ಜಿಯೂ ದೋಹಾದ ಫಿಟ್ಟರನೂ ಒಂದೇ ಊರಿನವರು, ಇಬ್ಬರೂ ಪ್ರಾಮಾಣಿಕರು. ಇಬ್ಬರ ಮಾತನ್ನೂ ಕೇಳಿದ ಪರದೇಶಿಯೊಬ್ಬನಿದ್ದರೆ ಇವು ಎರಡು ದೇಶಗಳೆಂದು ತಿಳಿಯಬೇಕಷ್ಟೆ.

ಇನ್ನು ಪರದೇಶಕ್ಕೆ ಹೋಗಲೇಬೇಕೆಂದಿಲ್ಲ. ಕೆಜಿಎಫ್‌ನ ತಮಿಳು ಮನೆಯ ಹುಡುಗ ಬೆಂಗಳೂರಿನಲ್ಲಿ 'ನೀವು ತಮಿಳುನಾಡಿನವರಾ' ಎಂಬ ಪ್ರಶ್ನೆ ಕೇಳಿಸಿಕೊಳ್ಳುತ್ತಾನೆ. ಅವನ ಮುತ್ತಜ್ಜ ಇಲ್ಲಿಯ ಮಣ್ಣಿನಲ್ಲಿದ್ದಾನೆ. ಚೆನ್ನೈಗೆ ಹೋದರೆ ಅವನ ತಮಿಳಿನಲ್ಲಿ ಬೆರೆತ ಕನ್ನಡ, ತೆಲುಗು ಕೇಳಿ 'ನೀವು ಕರ್ನಾಟಕದವರಾ' ಎನ್ನುತ್ತಾರೆ. ಎರಡೂ ಕಡೆ ಪ್ರಶ್ನೆ ಕೇಳುವವರಿಗೆ ಕೆಟ್ಟ ಉದ್ದೇಶ ಇರಬೇಕೆಂದೇನೂ ಇಲ್ಲ. ಆದರೆ 1991ರ ಡಿಸೆಂಬರ್‌ನಲ್ಲಿ ಕಾವೇರಿ ಮಧ್ಯಂತರ ತೀರ್ಪಿನ ಗಲಾಟೆ ಬೆಂಗಳೂರಿನಲ್ಲಿ ಎದ್ದಾಗ, 2016ರ ಸೆಪ್ಟೆಂಬರ್‌ನಲ್ಲಿ ಮತ್ತೆ ಎದ್ದಾಗ, ಅದೇ ಪ್ರಶ್ನೆಗೆ ಬೇರೆ ಧ್ವನಿ ಬಂದಿತ್ತು. ಅಂಥ ದಿನಗಳಲ್ಲಿ ರೈಲಿನಲ್ಲಿ ಮಾತು ಕಡಿಮೆಯಾಗುತ್ತದೆ. ಇದೇ ಊರು ಅಣ್ಣಾ ಡಿಎಂಕೆಯ, ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳನ್ನು ಆರಿಸಿ ಕರ್ನಾಟಕ ವಿಧಾನಸಭೆಗೆ ಕಳಿಸಿದ ಊರು ಎಂಬುದನ್ನೂ ಹೇಳಬೇಕು. ಬೆಂಗಳೂರಿನ ರಾಜಕೀಯ ಪಂಡಿತರಿಗೆ ಅದು ವಿಚಿತ್ರವಾಗಿ ಕಂಡಿತು, ಊರವರಿಗೆ ಕಾಣಲಿಲ್ಲ. ಉತ್ತರ ಆರ್ಕಾಟಿನಿಂದ ಬಂದವರ ಕತೆಯನ್ನು ತಮಿಳಿನಲ್ಲಿ ಪ. ರಂಜಿತ್ 2024ರಲ್ಲಿ 'ತಂಗಲಾನ್' ಎಂಬ ಸಿನಿಮಾ ಮಾಡಿದರು. ಅದರಲ್ಲೂ ಕಲ್ಪನೆ ಧಾರಾಳವಾಗಿದೆ. ಆದರೂ ಗಣಿಯಲ್ಲಿ ದುಡಿದವರಿಗೆ ಅಲ್ಲಿ ಒಂದು ಹೆಸರು, ಒಂದು ಹಳ್ಳಿ, ಒಂದು ಜಾತಿಯ ನೋವು ಇದೆ. ಹೆಸರಿಲ್ಲದ ಗುಂಪಾಗಿ ಅವರು ಉಳಿದಿಲ್ಲ.

ಸ್ವದೇಶದ ಬಗ್ಗೆ ಪರದೇಶಿಯ ಮಾತು ಕೇಳಿದಾಗ ಏನು ಮಾಡಬೇಕೆಂಬ ಪ್ರಶ್ನೆ ಇಡೀ ಭಾರತಕ್ಕೆ ಒಮ್ಮೆ ಎದುರಾಗಿತ್ತು. 1927ರಲ್ಲಿ ಅಮೆರಿಕದ ಕ್ಯಾಥರೀನ್ ಮೇಯೊ 'ಮದರ್ ಇಂಡಿಯಾ' ಎಂಬ ಪುಸ್ತಕ ಬರೆದಳು. ಬಾಲ್ಯವಿವಾಹ, ಕೊಳಕು, ರೋಗ, ಅಸ್ಪೃಶ್ಯತೆಗಳನ್ನು ಸಾಲಾಗಿ ಪೇರಿಸಿ, ಇಂಥವರಿಗೆ ಸ್ವರಾಜ್ಯ ಏಕೆ ಎನ್ನುವ ಧಾಟಿಯ ಪುಸ್ತಕ. ದೇಶದ ಉದ್ದಗಲಕ್ಕೂ ಕೋಪ ಹತ್ತಿಕೊಂಡಿತು. ಉತ್ತರವಾಗಿ ಪುಸ್ತಕಗಳೇ ಬಂದವು. ಲಾಲಾ ಲಜಪತ ರಾಯ್ 1928ರಲ್ಲಿ 'ಅನ್‌ಹ್ಯಾಪಿ ಇಂಡಿಯಾ' ಬರೆದರು. ಅದೇ 1927ರಲ್ಲಿ ಗಾಂಧೀಜಿ ಕಾಯಿಲೆ ಬಿದ್ದು, ಆಗ ಕೋಲಾರ ಜಿಲ್ಲೆಗೇ ಸೇರಿದ್ದ ನಂದಿಬೆಟ್ಟದಲ್ಲಿ ವಾರಗಟ್ಟಲೆ ವಿಶ್ರಾಂತಿ ಪಡೆದಿದ್ದರು. ಸೆಪ್ಟೆಂಬರ್‌ನಲ್ಲಿ ಅವರು ಮೇಯೊ ಪುಸ್ತಕದ ಬಗ್ಗೆ ಬರೆದ ಮಾತನ್ನು ಎಲ್ಲರೂ ಅರ್ಧ ನೆನಪಿಟ್ಟಿದ್ದಾರೆ: ಇದು ಚರಂಡಿ ಪರೀಕ್ಷಿಸುವ ಅಧಿಕಾರಿಯ ವರದಿ ಎಂಬ ಅರ್ಥದ ಮಾತು. ಉಳಿದರ್ಧವನ್ನು ಮರೆತಿದ್ದಾರೆ. ಭಾರತೀಯರು ಈ ಪುಸ್ತಕ ಓದಿದರೆ ಲಾಭವಿದೆ, ಆಕೆ ಆಪಾದನೆ ಹೊರಿಸಿದ ರೀತಿಯನ್ನು ತಳ್ಳಿಹಾಕಬಹುದು, ಅದರ ಹಿಂದಿನ ಸತ್ವವನ್ನು ತಳ್ಳಿಹಾಕಲಾಗದು ಎಂದೂ ಅವರು ಹೇಳಿದ್ದರು.

ಆ ಮಾತು ಮಾರಿಕುಪ್ಪಂಗೂ ಅನ್ವಯಿಸುತ್ತದೆ. ಸಿನಿಮಾದಲ್ಲಿ ಕಾಣುವ ಬೂದು ಗುಡ್ಡಗಳು ಸೆಟ್ ಅಲ್ಲ. ಅವು ಸೈನೈಡ್ ದಿಬ್ಬಗಳು. ಅದಿರನ್ನು ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿ. 3 ಕೋಟಿ ಟನ್ನಿಗೂ ಹೆಚ್ಚು ಇದೆ. ಬೇಸಗೆಯ ಗಾಳಿ, ಮುಂಗಾರಿನ ಗಾಳಿ ಎದ್ದರೆ ಅದರ ಧೂಳು ಮನೆಯೊಳಗೆ, ಅನ್ನದ ತಟ್ಟೆಗೆ ಬರುತ್ತದೆ. ಸಿನಿಮಾ ತಂಡಕ್ಕೆ ಅದು ಸಿಕ್ಕಿದ್ದು ಒಳ್ಳೆಯ ಹಿನ್ನೆಲೆಯಾಗಿ. ಅಲ್ಲೇ ಬದುಕುವವರಿಗೆ ಅದು ಕೆಮ್ಮು. ಗಣಿಯೊಳಗಿನ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಎಷ್ಟು ತಂದೆಯರ ಎದೆಯನ್ನು ತಿಂದಿತು ಎಂಬುದನ್ನು ಲೈನ್ ಮನೆಗಳಲ್ಲಿ ವಿವರಿಸಿ ಹೇಳಬೇಕಾಗಿಲ್ಲ. ಆಳದ ಬಂಡೆ ಒತ್ತಡ ತಾಳದೆ ತಾನೇ ಸಿಡಿಯುತ್ತಿತ್ತು. ಮೇಲಿನ ಮನೆಗಳ ಪಾತ್ರೆಗಳು ಅಲುಗುತ್ತಿದ್ದವು, ಕೆಳಗೆ ಮನೆಯವರು ಪಾಳಿಯಲ್ಲಿರುತ್ತಿದ್ದರು. ಬಂಡೆಗಳ ಈ ವರ್ತನೆಯನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆ 1988ರಲ್ಲಿ ಇಲ್ಲೇ ಸ್ಥಾಪನೆಯಾದದ್ದು ಸುಮ್ಮನೆ ಅಲ್ಲ.

ಹೀಗಿರುವಾಗ ಹೊರಗಿನವನು 'ನಿಮ್ಮೂರು ನರಕವಂತೆ' ಎಂದರೆ ಏನು ಹೇಳುವುದು? ಇಲ್ಲ ಎಂದರೆ ಸತ್ತ ತಂದೆಗೆ ಅನ್ಯಾಯ. ಹೌದು ಎಂದರೆ ಅದೇ ತಂದೆ ಭಾನುವಾರ ಆಡಿದ ಫುಟ್‌ಬಾಲಿಗೆ, ಕಟ್ಟಿದ ಸಂಘಕ್ಕೆ, ಬಡ್ಡಿಗೆ ಹಣ ತಂದು ಓದಿಸಿದ ಮಕ್ಕಳಿಗೆ ಅನ್ಯಾಯ. ಹೊರಗಿರುವ ಬಹಳ ಜನ ಇಲ್ಲಿ ಒಂದು ಜಾಣತನ ಮಾಡುತ್ತಾರೆ. ದುಬೈನಲ್ಲಿ ಊರನ್ನು ಸಮರ್ಥಿಸಿಕೊಳ್ಳುತ್ತಾರೆ; ರಜೆಗೆ ಬಂದಾಗ ಊರಿನ ಕಚೇರಿಗಳ ಮುಂದೆ ಅದೇ ವಿಷಯಕ್ಕೆ ಜಗಳ ತೆಗೆಯುತ್ತಾರೆ. ಮನೆಯ ಸೋರುವ ಮಾಡನ್ನು ಬೀದಿಯವರಿಗೆ ತೋರಿಸುವುದು ಬೇಡ, ಮನೆಯವರಿಗೆ ತೋರಿಸದೆ ಬಿಡುವುದೂ ಬೇಡ. ಇದನ್ನು ಇಬ್ಬಂದಿತನ ಎಂದು ಟೀಕಿಸುವವರಿದ್ದಾರೆ. ಆ ಟೀಕೆ ಅವಸರದ್ದು. ಯಾರ ಕೈಯಲ್ಲಿ ಪರಿಹಾರವಿದೆಯೋ ಅವರ ಮುಂದೆ ದೂರು ಹೇಳುವುದರಲ್ಲಿ ತಪ್ಪೇನಿದೆ? ಟ್ಯಾಕ್ಸಿ ಚಾಲಕ ಸೈನೈಡ್ ದಿಬ್ಬದ ಮೇಲೆ ಹುಲ್ಲು ಬೆಳೆಸಲಾರ.

ಈ ಜಾಣತನಕ್ಕೂ ಒಂದು ಮಿತಿಯಿದೆ ಎಂಬುದನ್ನು ಒಪ್ಪಬೇಕು. ಬೀದಿಯವರ ಮುಂದೆ ಮುಚ್ಚಿಟ್ಟೂ ಮುಚ್ಚಿಟ್ಟೂ ಕೊನೆಗೆ ಮನೆಯವರೇ ಸೋರಿಕೆಯನ್ನು ಮರೆಯುತ್ತಾರೆ. 'ನಮ್ಮಲ್ಲಿ ಜಾತಿ ಗೀತಿ ಏನೂ ಇಲ್ಲ, ಅದೆಲ್ಲ ಹಳೆಯ ಕತೆ' ಎಂದು ಪರದೇಶದ ಊಟದ ಮೇಜಿನಲ್ಲಿ ಹೇಳುವ ಭಾರತೀಯರು ಕಡಿಮೆಯೇನಿಲ್ಲ. ಆ ಮೇಜಿನಲ್ಲಿ ಕೆಜಿಎಫ್‌ನ ಲೈನ್ ಮನೆಯಿಂದ ಬಂದವನೊಬ್ಬ ಕೂತಿದ್ದರೆ, ದೇಶದ ಮಾನ ಕಾಯುವ ಆ ಮಾತು ಅವನ ಬಾಯಿಗೆ ಬೀಗ ಹಾಕುತ್ತದೆ. ಪರದೇಶಿಯ ಉಡಾಫೆಗಿಂತ ಸ್ವದೇಶಿಯ ಈ ನಯವಾದ ಸುಳ್ಳು ಅವನಿಗೆ ಹೆಚ್ಚು ನೋಯಬಹುದು.

2024ರಲ್ಲಿ ರಾಜ್ಯ ಸಚಿವ ಸಂಪುಟ ಈ ದಿಬ್ಬಗಳಲ್ಲಿ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಹದಿಮೂರು ದಿಬ್ಬ, ಸಾವಿರ ಎಕರೆಯಷ್ಟು ಜಾಗ. ಸುದ್ದಿ ಬಂದ ಕೂಡಲೇ ಹೊರಗಿರುವವರಿಗೆಲ್ಲ ಫೋನು: 'ನಿಮ್ಮೂರಲ್ಲಿ ಮತ್ತೆ ಚಿನ್ನ ಅಂತೆ!' ಊರಲ್ಲಿರುವವರು ಕೇಳಿದ ಪ್ರಶ್ನೆ ಬೇರೆ: ಕೆಲಸ ಎಷ್ಟು ಜನಕ್ಕೆ, ಧೂಳು ಎಷ್ಟು?

ಎಲ್ಲ ಅಪರಿಚಿತರ ತಲೆಯಲ್ಲೂ ಸಿನಿಮಾದ ಕೆಜಿಎಫ್ ಇಲ್ಲ ಎಂಬುದನ್ನೂ ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ಭೌತವಿಜ್ಞಾನ ಓದಿದವರ ಮುಂದೆ 'ಕೋಲಾರ' ಎಂದು ನೋಡಿ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಗುರುತು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲೂ ಅದು ಪತ್ತೆಯಾಯಿತು. ಜಗತ್ತಿನಲ್ಲಿ ಅದೇ ಮೊದಲು. ಬೇರೆ ಕಣಗಳೆಲ್ಲ ತಲೆಯ ಮೇಲಿನ ಎರಡು ಕಿಲೋಮೀಟರು ಬಂಡೆಯಲ್ಲಿ ನಿಂತುಹೋಗುತ್ತವೆ, ನ್ಯೂಟ್ರಿನೊ ಮಾತ್ರ ಇಳಿದು ಬರುತ್ತದೆ. ಅದಕ್ಕೇ ಅಷ್ಟು ಆಳದ ಗಣಿ ಬೇಕಾಗಿತ್ತು. ಆ ಉಪಕರಣಗಳೂ ಕೆಳಗಿಳಿದದ್ದು ಕಾರ್ಮಿಕರು ಇಳಿಯುತ್ತಿದ್ದ ಶಾಫ್ಟಿನಲ್ಲೇ. ಹೀಗೆ ಒಸಾಕಾದ ಮುದಿ ಪ್ರಾಧ್ಯಾಪಕರೊಬ್ಬರಿಗೆ ಕೆಜಿಎಫ್ ಎಂದರೆ ಪ್ರಯೋಗಶಾಲೆ. ಅಂಥವರು ಎದುರಾದರೆ ಊರವರೇ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಆ ಕತೆ ಊರಿನ ಶಾಲೆಯ ಮಕ್ಕಳಿಗೇ ಸರಿಯಾಗಿ ಗೊತ್ತಿಲ್ಲ.

ಬಂಗಾರಪೇಟೆಯ ಹೆಸರು ಹೊರಗೆ ಹೋದದ್ದು ಇದಕ್ಕಿಂತ ಸುಲಭದ ದಾರಿಯಲ್ಲಿ. ಬೆಂಗಳೂರಿನ ಎಷ್ಟೋ ಬೀದಿಗಳಲ್ಲಿ ಈಗ 'ಬಂಗಾರಪೇಟೆ ಪಾನಿಪೂರಿ' ಎಂಬ ಬೋರ್ಡು ಕಾಣುತ್ತದೆ. ಹಸಿರು ಪಾನಿ ಕುಡಿದು ಅಭ್ಯಾಸವಿದ್ದವರಿಗೆ ಇಲ್ಲಿನದು ಬೆರಗು: ನೋಡಲು ಬರಿ ನೀರಿನ ಹಾಗೆ ತಿಳಿಯಾಗಿರುತ್ತದೆ, ಬಾಯಿಗೆ ಹೋದ ಮೇಲೆ ಕಣ್ಣಲ್ಲಿ ನೀರು ತರಿಸುತ್ತದೆ. ತಿನ್ನುವವರಲ್ಲಿ ಹೆಚ್ಚಿನವರು ಈ ಊರನ್ನು ನೋಡಿಲ್ಲ, ನಕಾಶೆಯಲ್ಲಿ ಎಲ್ಲಿದೆ ಎಂದು ಕೇಳಿದರೆ ಹೇಳಲಾರರು. ಅವರಿಗೂ ಬಂಗಾರಪೇಟೆಯ ಬಗ್ಗೆ ಅಭಿಪ್ರಾಯವಿದೆ, ಖಾರದ ಊರು ಎಂದು. ಗಾಡಿಯವನನ್ನು ಯಾರಾದರೂ 'ಬಂಗಾರಪೇಟೆ ಎಲ್ಲಿ ಬರುತ್ತೆ ಅಣ್ಣಾ?' ಎಂದು ಕೇಳಿದರೆ 'ಕೆಜಿಎಫ್ ಹತ್ರ' ಎನ್ನುತ್ತಾನೆ. 'ಓ, ಆ ಸಿನಿಮಾದ್ದಾ?' ಎಂದು ಮುಂದಿನ ಪ್ರಶ್ನೆ ಬರುವುದರೊಳಗೆ ಇನ್ನೊಂದು ಪೂರಿ ತುಂಬಿ ಕೈಗೆ ಕೊಟ್ಟಿರುತ್ತಾನೆ.